ನಿಂತಾಗ ನಡುಗುವ ಗಾಡಿ

"ಬುದ್ಧಿ, ಕೆಲಸದಲ್ಲಿದ್ದಾಗ ನನ್ನ ಮನಸ್ಸು ನೆಟ್ಟಗಿರುತ್ತದೆ. ಕಣ್ಣು ಮುಚ್ಚಿ ಕೂತರೆ ನಡುಗುತ್ತದೆ. ಬೆಳಗಿನ ಹೊತ್ತು ಧ್ಯಾನಕ್ಕೆ ಕೂರುವುದರಿಂದ ನನ್ನನ್ನು ಬಿಡಿಸಿ, ಕೆಲಸಕ್ಕೇ ಹಚ್ಚಬಾರದೆ?"

ಗುರುಗಳನ್ನು ಹೀಗೆ ಕೇಳಿದವನು ಮರುಳಯ್ಯ. ಅವನು ಮಠಕ್ಕೆ ಬಂದು ಮೂರು ವರ್ಷವಾಗಿತ್ತು. ದಾಸೋಹದ ಅಡುಗೆಯಿರಲಿ, ಹಸುಗಳ ಮೇವಿರಲಿ, ಹೊಸ ಕಟ್ಟಡಕ್ಕೆ ಕಲ್ಲು ಸಾಗಿಸುವುದಿರಲಿ, ಯಾವುದಕ್ಕೂ ಇಲ್ಲ ಎಂದವನಲ್ಲ. ಅವನು ಕೈ ಹಾಕಿದ ಕಡೆ ಇಬ್ಬರ ಕೆಲಸ ಆಗುತ್ತಿತ್ತು. ಆದರೆ ಬೆಳಗಿನ ಮೌನದಲ್ಲಿ ಎಲ್ಲರೂ ಕೂತಿದ್ದಾಗ ಮೊದಲು ಏಳುವವನೂ ಅವನೇ. ಒಂದು ದಿನ ಹಾಲು ಉಕ್ಕುತ್ತದೆ ಎನ್ನುತ್ತಿದ್ದ. ಇನ್ನೊಂದು ದಿನ ಕರು ಹಗ್ಗ ಬಿಚ್ಚಿಕೊಂಡಿದೆ ಎನ್ನುತ್ತಿದ್ದ. ಈಚೆಗೆ ಕೂರಲು ಬರುವುದನ್ನೇ ಬಿಟ್ಟಿದ್ದ.

ಗುರುಗಳು ಹೌದು ಅನ್ನಲಿಲ್ಲ, ಇಲ್ಲವೆಂದೂ ಅನ್ನಲಿಲ್ಲ. ಕಲ್ಲುಹಾಸಿನ ಮೇಲೆ ಅವನನ್ನು ಎದುರಿಗೆ ಕೂರಿಸಿಕೊಂಡು ಕತೆ ಹೇಳಿದರು.

ಒಬ್ಬ ಬಳೆಗಾರನಿದ್ದ. ಜನ ಅವನನ್ನು ಬಳೆಶೆಟ್ಟಿ ಎಂದು ಕರೆಯುತ್ತಿದ್ದರು. ಅವನ ತಂದೆ ಬಳೆಯ ಮಲಾರವನ್ನು ಹೆಗಲಿಗೆ ಹಾಕಿಕೊಂಡು ಊರೂರು ನಡೆದವನು. ಮಗ ನಡೆಯಲಿಲ್ಲ, ಒಂದು ಹಳೆಯ ಪಿಕಪ್ ಗಾಡಿ ಕೊಂಡ. ಅವನಿಗೆ ಸಿಗುವ ಹೊತ್ತಿಗೆ ಅದು ಇಬ್ಬರ ಕೈ ದಾಟಿ ಬಂದಿತ್ತು. ಹಿಂಬದಿಯಲ್ಲಿ ಮರದ ಗೂಡುಗಳನ್ನು ಮಾಡಿಸಿ, ಬಣ್ಣಬಣ್ಣದ ಗಾಜಿನ ಬಳೆಗಳನ್ನು ಸಾಲಾಗಿ ಜೋಡಿಸಿದ. ಊರಿಗೆ ಹೋಗಿ ಹಿಂಬಾಗಿಲು ಇಳಿಸಿದರೆ ಅದೇ ಜಗಲಿ. ಹೆಂಗಸರು ಬಂದು ಅದರ ಮೇಲೆ ಕೂತು ಕೈ ಚಾಚುತ್ತಿದ್ದರು.

ಬಳೆಶೆಟ್ಟಿಯ ಕೈ ಮೆತ್ತಗಿತ್ತು. ಬೆರಳ ಗಿಣ್ಣುಗಳನ್ನು ಹದವಾಗಿ ಒತ್ತಿ, ಮಾತಾಡಿಸುತ್ತಾ ಮಾತಾಡಿಸುತ್ತಾ ಬಳೆ ಏರಿಸಿಬಿಡುತ್ತಿದ್ದ. ಹೊಲದಲ್ಲಿ ದುಡಿದು ಗಟ್ಟಿಯಾದ ಕೈಗಳಿಗೂ ಅವನು ಒಂದು ಬಳೆ ಒಡೆಯದೆ ತೊಡಿಸುತ್ತಿದ್ದ. ಅದು ಅವನ ಹೆಮ್ಮೆ.

ಒಂದು ವರ್ಷ ಗಾಡಿ ಕೆಟ್ಟಿತು. ವಿಚಿತ್ರವಾಗಿ ಕೆಟ್ಟಿತು. ರಸ್ತೆಯ ಮೇಲೆ ಓಡುವಾಗ ಏನೂ ತೊಂದರೆಯಿಲ್ಲ. ನಿಲ್ಲಿಸಿದ ಕೂಡಲೇ ಇಂಜಿನ್ನಿನ ದನಿ ಕೆಳಗಿಳಿಯುತ್ತಿತ್ತು. ಒಮ್ಮೆ ಬಡಿದು, ಒಮ್ಮೆ ತಪ್ಪಿ, ಮತ್ತೆ ಬಡಿಯುತ್ತಿತ್ತು. ಗಾಡಿಯೆಲ್ಲ ನಡುಗುತ್ತಿತ್ತು. ಕೆಲವೊಮ್ಮೆ ಇಂಜಿನ್ ತಾನಾಗಿಯೇ ನಿಂತುಹೋಗುತ್ತಿತ್ತು. ಹಾಗೆ ನಿಂತರೆ ಮತ್ತೆ ಹಿಡಿಸುವುದು ಕಷ್ಟ. ನಾಲ್ಕು ಜನ ಸೇರಿ ತಳ್ಳಬೇಕು. ಆದ್ದರಿಂದ ಬಳೆಶೆಟ್ಟಿ ಊರುಗಳಲ್ಲಿ ವ್ಯಾಪಾರ ಮಾಡುವಾಗಲೂ ಇಂಜಿನ್ ಆರಿಸುತ್ತಿರಲಿಲ್ಲ. ನಡುಗುವ ಗಾಡಿಯ ಮೇಲೆಯೇ ಬಳೆ ತೊಡಿಸುತ್ತಿದ್ದ.

ಹುಣಸೆಕಟ್ಟೆ ಎಂಬ ಊರಿನಲ್ಲಿ ಒಬ್ಬ ಸೊಸೆ ಬಳೆ ತೊಡಿಸಿಕೊಳ್ಳಲು ಬಂದಳು. ಏಳು ತಿಂಗಳ ಬಸುರಿ. ಹಸಿರು ಬಳೆ ತೊಡಿಸಬೇಕೆಂದು ಅತ್ತೆಯೇ ಕರೆತಂದಿದ್ದಳು. ಸುತ್ತ ಏಳೆಂಟು ಹೆಂಗಸರಿದ್ದರು. ಬಲಗೈ ಮುಗಿಯಿತು. ಎಡಗೈಗೆ ಮೂರನೆಯ ಬಳೆ ಏರಿಸುವಾಗ ಇಂಜಿನ್ ಒಮ್ಮೆ ತಪ್ಪಿ, ಗಾಡಿ ಜೋರಾಗಿ ಅಲುಗಿತು. ಬಳೆ ಒಡೆಯಿತು. ಚೂರು ಮಣಿಕಟ್ಟಿಗೆ ಹೊಕ್ಕು ರಕ್ತ ಬಂತು.

ಅತ್ತೆಯ ಮುಖ ಕಪ್ಪಿಟ್ಟಿತು. ಬಸುರಿಯ ಕೈಯಲ್ಲಿ ಬಳೆ ಒಡೆಯುವುದನ್ನು ನಮ್ಮ ಕಡೆ ಒಳ್ಳೆಯದೆಂದು ಯಾರೂ ಎಣಿಸುವುದಿಲ್ಲ. ಎಲ್ಲರೂ ಬಳೆಗಾರನ ಕಡೆ ನೋಡಿದರು.

"ಕೈ ಬಿಗಿ ಹಿಡಿದುಬಿಟ್ಟೆಯಲ್ಲ ತಾಯಿ, ಸಡಿಲ ಬಿಡು ಅಂದಿದ್ದೆನಲ್ಲ," ಎಂದ ಬಳೆಶೆಟ್ಟಿ.

ಅವಳು ಕೈ ಬಿಗಿ ಹಿಡಿದಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಅವಳು ತಲೆ ತಗ್ಗಿಸಿ ಸೆರಗಿನಿಂದ ಮಣಿಕಟ್ಟು ಒತ್ತಿಕೊಂಡು ಇಳಿದು ಹೋದಳು. ಅತ್ತೆ ದಾರಿಯುದ್ದಕ್ಕೂ ಅವಳಿಗೆ ಏನೋ ಹೇಳುತ್ತಾ ಹೋದಳು. ಬಳೆಶೆಟ್ಟಿ ಹಿಂಬಾಗಿಲು ಎತ್ತಿ ಹಾಕಿ ಗಾಡಿ ಹೊರಡಿಸಿದ. ರಸ್ತೆಗೆ ಬಂದ ಮೇಲೆ ಇಂಜಿನ್ ಸರಿಯಾಯಿತು. ಅವನಿಗೂ ಸ್ವಲ್ಪ ಸರಿಯಾದಂತೆ ಅನ್ನಿಸಿತು.

ಮರುದಿನವೇ ಅವನು ಪೇಟೆಯ ಗ್ಯಾರೇಜಿಗೆ ಹೋದ. ಅವರು ಡೀಸೆಲ್ ಫಿಲ್ಟರ್ ಬದಲಿಸಿದರು. ಎರಡು ದಿನ ನೆಮ್ಮದಿ, ಮೂರನೆಯ ದಿನ ಮತ್ತೆ ಅದೇ ನಡುಕ. ಇನ್ನೊಂದು ಗ್ಯಾರೇಜಿನವನು ಡೀಸೆಲ್ ಚಿಮ್ಮಿಸುವ ನಾಜಲ್‌ಗಳನ್ನು ಬಿಚ್ಚಿ ತೊಳೆದು ಹಾಕಿದ. ನಡುಕ ಹೋಗಲಿಲ್ಲ. ಮತ್ತೊಬ್ಬ ಇಂಜಿನ್ನಿನ ಕೆಳಗಿನ ರಬ್ಬರುಗಳು ಸವೆದಿವೆ ಎಂದು ಹೊಸ ರಬ್ಬರು ಕೂರಿಸಿದ. ಅದರಿಂದ ನಡುಕ ಸೀಟಿನವರೆಗೆ ಬರುವುದು ಕಡಿಮೆಯಾಯಿತು, ಇಂಜಿನ್ ಮಾತ್ರ ಹಾಗೆಯೇ ಇತ್ತು. ಕೊನೆಗೆ ಒಬ್ಬ ಚುರುಕಾದ ಮೆಕ್ಯಾನಿಕ್ ಸಿಕ್ಕ. ಅವನು ಏನನ್ನೂ ಬಿಚ್ಚಲಿಲ್ಲ. ಡೀಸೆಲ್ ಪಂಪಿನ ಮೇಲಿದ್ದ ಒಂದು ಸ್ಕ್ರೂವನ್ನು ಎರಡು ಸುತ್ತು ತಿರುಗಿಸಿದ. ಗಾಡಿ ನಿಂತಿದ್ದರೂ ಇಂಜಿನ್ ಜೋರಾಗಿ ತಿರುಗತೊಡಗಿತು. ನಡುಕ ಕೇಳಿಸಲಿಲ್ಲ.

ಬಳೆಶೆಟ್ಟಿ ಅವನಿಗೆ ಕೈಮುಗಿದು ಬಂದ.

ಈಗ ಗಾಡಿ ನಿಂತಾಗಲೂ ಓಡುವ ಗಾಡಿಯ ಹಾಗೆ ಗದ್ದಲ ಮಾಡುತ್ತಿತ್ತು. ಹೊಗೆ ಹಿಂದಕ್ಕೆ ಬಂದು ಕೂತವರ ಮುಖಕ್ಕೆ ಹೊಡೆಯುತ್ತಿತ್ತು. ಹೆಂಗಸರು ಹೇಳಿದ್ದು ಅವನಿಗೆ ಕೇಳಿಸದು, ಅವನು ಹೇಳಿದ್ದು ಅವರಿಗೆ ಕೇಳಿಸದು. ಗೇರ್ ಹಾಕುವಾಗ ಕರಕರ ಸದ್ದು. ಇಳಿಜಾರಿನಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆದರೂ ಗಾಡಿ ಮುಂದಕ್ಕೇ ನುಗ್ಗುತ್ತಿತ್ತು. ಆರಿಸಿದರೆ ಹಿಡಿಯುವುದಿಲ್ಲ ಎಂಬ ಭಯವೂ ಹಾಗೆಯೇ ಉಳಿದಿತ್ತು.

ಅವನು ನಿಲ್ಲುವುದನ್ನು ಕಡಿಮೆ ಮಾಡಿದ. ಮೊದಲು ಒಂದೊಂದು ಊರಿನಲ್ಲಿ ಅರ್ಧ ದಿನ ಇರುತ್ತಿದ್ದವನು ಅರ್ಧ ಗಂಟೆ ಇರತೊಡಗಿದ. ಆಮೇಲೆ ಹಳ್ಳಿಗಳಿಗೆ ಹೋಗುವುದನ್ನೇ ಬಿಟ್ಟ. ಪೇಟೆಯಿಂದ ಪೇಟೆಗೆ ಓಡಿ ಅಂಗಡಿಗಳಿಗೆ ಬಳೆಯ ಪೆಟ್ಟಿಗೆ ಇಳಿಸತೊಡಗಿದ. ಪೆಟ್ಟಿಗೆ ಇಳಿಸು, ಹೊರಡು. ಅದು ಅವನಿಗೆ ಹಿಡಿಸಿತು. ಬೆಳಗ್ಗೆ ಎದ್ದರೆ ಸಂಜೆಯವರೆಗೆ ಓಟ. ಊಟವನ್ನೂ ಸ್ಟಿಯರಿಂಗ್ ಹಿಡಿದುಕೊಂಡೇ ಮುಗಿಸುತ್ತಿದ್ದ. ಶೆಟ್ಟಿ ಈಗ ದೊಡ್ಡ ವ್ಯಾಪಾರಿಯಾದ ಎಂದು ಜನ ಅಂದರು. ಅವನೂ ಹಾಗೆಯೇ ಅಂದುಕೊಂಡ. ಆರು ತಿಂಗಳು ಅವನು ಯಾರ ಕೈಗೂ ಒಂದು ಬಳೆ ತೊಡಿಸಲಿಲ್ಲ.

ಒಂದು ಭಾನುವಾರ ಅವನ ಹೆಂಡತಿ ಅಂಗಳದಲ್ಲಿ ಅಕ್ಕಿ ಆರಿಸುತ್ತಾ ಕೇಳಿದಳು.

"ಹುಣಸೆಕಟ್ಟೆಯಲ್ಲಿ ಬಳೆ ಒಡೆಯಿತು ಅಂದಿದ್ದಿರಲ್ಲ, ಆ ಹುಡುಗಿಗೆ ಹೆರಿಗೆ ಸುಸೂತ್ರ ಆಯಿತೇನ್ರೀ?"

ಗೊತ್ತಿಲ್ಲ ಎಂದ. ಆ ಕಡೆ ಹೋಗಲು ಬಿಡುವಾಗಲಿಲ್ಲ ಎಂದ. ಬಳೆಶೆಟ್ಟಿಗೆ ಮನೆಯಲ್ಲಿ ಕೂರಲಾಗಲಿಲ್ಲ. ಅಂದು ಅಂಗಡಿಗಳಿಗೆ ರಜೆ. ಆದರೂ ಪೆಟ್ಟಿಗೆ ತುಂಬಿಕೊಂಡು ಗಾಡಿ ಹೊರಡಿಸಿದ.

ದಾರಿಯಲ್ಲಿ ಕುರಿಮಂದೆಯೊಂದು ರಸ್ತೆ ದಾಟುತ್ತಿತ್ತು. ದೊಡ್ಡ ಮಂದೆ. ಬಳೆಶೆಟ್ಟಿ ಗಾಡಿ ನಿಲ್ಲಿಸಲೇಬೇಕಾಯಿತು. ಸ್ಕ್ರೂ ಏರಿಸಿದ್ದರೂ ಇಂಜಿನ್ ಮತ್ತೆ ತಪ್ಪತೊಡಗಿತು. ನಾಲ್ಕು ಸಲ ಒದ್ದಾಡಿ ನಿಂತುಹೋಯಿತು. ಕುರಿಗಳು ದಾಟಿ ಹೋದವು. ಗಾಡಿ ಹಿಡಿಯಲಿಲ್ಲ.

ರಸ್ತೆ ಪಕ್ಕದ ತೋಟದಲ್ಲಿ ಒಬ್ಬರು ಮುದುಕರು ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದರು. ಬುಡೇನ್‌ಸಾಬರು ಎಂದು ಅವರ ಹೆಸರು. ಆ ಸುತ್ತಿನ ತೋಟಗಳ ಡೀಸೆಲ್ ಇಂಜಿನ್ನುಗಳೆಲ್ಲ ಅವರ ಕೈಯಲ್ಲಿ ನಡೆಯುತ್ತಿದ್ದವು. ಅವರು ಕೈ ಒರೆಸಿಕೊಂಡು ಬಂದು ಗಾಡಿಯ ಸುತ್ತ ಒಂದು ಸಲ ನಡೆದರು. ಫಿಲ್ಟರಿನ ಮೇಲಿದ್ದ ಕೈಪಂಪು ಒತ್ತಿ ಒತ್ತಿ ಇಂಜಿನ್ ಹಿಡಿಸಿದರು. ಅದು ಗದ್ದಲ ಮಾಡುತ್ತಾ ತಿರುಗಿತು. ಬಳೆಶೆಟ್ಟಿ ಹೊರಡಲು ಸೀಟು ಹತ್ತಿದ.

ಸಾಬರು ಬಾಗಿಲು ಹಿಡಿದುಕೊಂಡರು. ಏನಾಗುತ್ತದೆ ಎಂದು ಮೊದಲಿಂದ ಹೇಳಿ ಎಂದರು. ಬಳೆಶೆಟ್ಟಿ ಎಲ್ಲ ಹೇಳಿದ. ಹುಣಸೆಕಟ್ಟೆಯದೊಂದನ್ನು ಬಿಟ್ಟ. ಸಾಬರು ಕೇಳಿಸಿಕೊಂಡು, ಸ್ಕ್ರೂಡ್ರೈವರ್ ತೆಗೆದು, ಪಂಪಿನ ಸ್ಕ್ರೂವನ್ನು ಮೊದಲಿನ ಜಾಗಕ್ಕೆ ಇಳಿಸಿದರು. ಕೂಡಲೇ ನಡುಕ ಶುರುವಾಯಿತು. ಗೂಡುಗಳಲ್ಲಿ ಬಳೆಗಳು ಕಿಣಿಕಿಣಿ ಅಂದವು. ಬಳೆಶೆಟ್ಟಿ ಗಾಬರಿಯಾಗಿ ಇಳಿದು ಬಂದ. ಅಷ್ಟು ಕಷ್ಟಪಟ್ಟು ಸರಿಮಾಡಿಸಿದ್ದನ್ನು ಕೆಡಿಸಿದಿರಲ್ಲ ಎಂದ.

"ನಡುಗಲಿ ಬಿಡಿ ಶೆಟ್ಟರೇ," ಎಂದರು ಸಾಬರು. "ನಡುಗಿದರೆ ತಾನೇ ಎಲ್ಲಿಂದ ಅಂತ ಗೊತ್ತಾಗುವುದು?"

ಅವರು ಅವಸರ ಮಾಡಲಿಲ್ಲ. ಬಾನೆಟ್ ಎತ್ತಿ, ಕೈಕಟ್ಟಿ ನಿಂತು, ತುಂಬ ಹೊತ್ತು ಕೇಳಿದರು. ಬಳೆಶೆಟ್ಟಿಗೆ ಆ ಸದ್ದು ಕೇಳುವುದೇ ಹಿಂಸೆ. ಅವನು ರಸ್ತೆಯ ಆಚೆ ಹೋಗಿ ನಿಂತ. ಸಾಬರು ಅವನನ್ನು ಕರೆದು ಪಕ್ಕದಲ್ಲೇ ನಿಲ್ಲಿಸಿಕೊಂಡರು.

ಪಂಪಿನಿಂದ ಇಂಜಿನ್ನಿಗೆ ನಾಲ್ಕು ತೆಳ್ಳನೆಯ ಪೈಪುಗಳು ಹೋಗುತ್ತವೆ, ನಾಲ್ಕು ಸಿಲಿಂಡರಿಗೆ ನಾಲ್ಕು. ಸಾಬರು ಸ್ಪಾನರ್ ಹಾಕಿ ಮೊದಲ ಪೈಪಿನ ನಟ್ಟನ್ನು ಸಡಿಲಿಸಿದರು. ಇಂಜಿನ್ನಿನ ದನಿ ಕುಗ್ಗಿತು. ಅದನ್ನು ಬಿಗಿದು ಎರಡನೆಯದನ್ನು ಸಡಿಲಿಸಿದರು. ಮತ್ತೆ ಅಷ್ಟೇ ಕುಗ್ಗಿತು. ಮೂರನೆಯದೂ ಹಾಗೆಯೇ, ನಾಲ್ಕನೆಯದೂ ಹಾಗೆಯೇ. ಅವುಗಳಲ್ಲಿ ಒಂದು ಕೆಟ್ಟಿದ್ದರೆ, ಅದನ್ನು ಸಡಿಲಿಸಿದಾಗ ದನಿ ಬದಲಾಗುತ್ತಿರಲಿಲ್ಲ ಎಂದು ಸಾಬರು ವಿವರಿಸಿದರು. ನಾಲ್ಕೂ ತಮ್ಮ ಕೆಲಸ ಮಾಡುತ್ತಿವೆ. ಇವಕ್ಕೆ ಬರುವ ಡೀಸೆಲ್ಲಿನಲ್ಲೇ ಏನೋ ಇದೆ.

ತೋಟದ ಮನೆಯ ಗೋಡೆ ಕಟ್ಟುತ್ತಿದ್ದ ಗಾರೆಯವರ ಹತ್ತಿರ ಮಟ್ಟ ನೋಡುವ ಗಾಜಿನಂಥ ಪ್ಲಾಸ್ಟಿಕ್ ಪೈಪು ಇತ್ತು. ಸಾಬರು ಅದರಲ್ಲಿ ಒಂದು ಮೊಳ ಕತ್ತರಿಸಿ ತಂದರು. ಇಂಜಿನ್ ಆರಿಸಿ, ಫಿಲ್ಟರಿಗೂ ಪಂಪಿಗೂ ನಡುವೆ ಅದನ್ನು ಸೇರಿಸಿ, ಮತ್ತೆ ಹಿಡಿಸಿದರು. ಪೈಪಿನಲ್ಲಿ ಡೀಸೆಲ್ ಹರಿಯುವುದು ಕಾಣಿಸಿತು. ಅದರ ಜೊತೆ ಸಣ್ಣ ಸಣ್ಣ ಗುಳ್ಳೆಗಳು ಬರುತ್ತಿದ್ದವು.

"ನೋಡಿ, ನಿಮ್ಮ ಗಾಡಿ ಗಾಳಿ ಕುಡಿಯುತ್ತಿದೆ," ಎಂದರು.

ಆಮೇಲೆ ಅದೇ ಪೈಪನ್ನು ಫಿಲ್ಟರಿನ ಹಿಂದಕ್ಕೆ ಹಾಕಿದರು. ಅಲ್ಲೂ ಗುಳ್ಳೆಗಳಿದ್ದವು. ಹಾಗಾದರೆ ಫಿಲ್ಟರಿನದೂ ತಪ್ಪಲ್ಲ, ಇನ್ನೂ ಹಿಂದೆ ಹೋಗಬೇಕು. ಸಾಬರು ಗಾಡಿಯ ಕೆಳಗೆ ತೆವಳಿಕೊಂಡು ಹೋದರು. ಬಳೆಶೆಟ್ಟಿಯನ್ನೂ ಕರೆದರು. ಅವನು ಬಿಳಿ ಅಂಗಿ ಹಾಕಿದ್ದ. ಒಂದು ಕ್ಷಣ ನಿಂತು, ಆಮೇಲೆ ತಾನೂ ಮಣ್ಣಿನಲ್ಲಿ ಅಂಗಾತ ಮಲಗಿದ.

ಟ್ಯಾಂಕಿನಿಂದ ಬರುವ ದಾರಿಯಲ್ಲಿ ಎಲ್ಲೂ ಡೀಸೆಲ್ ತೊಟ್ಟಿಕ್ಕಿದ ಗುರುತಿರಲಿಲ್ಲ. ಎಲ್ಲ ಒಣಗಿತ್ತು. ಇಷ್ಟು ಗ್ಯಾರೇಜಿನವರಿಗೆ ಕಾಣದೆ ಹೋದದ್ದು ಅದಕ್ಕೇ. ಒಳಗಿನದು ಹೊರಗೆ ಸೋರುತ್ತಿರಲಿಲ್ಲ, ಹೊರಗಿನ ಗಾಳಿಯೇ ಒಳಗೆ ಹೋಗುತ್ತಿತ್ತು. ಸಾಬರು ಬೆರಳಿಗೆ ಗ್ರೀಸ್ ಹಚ್ಚಿಕೊಂಡು ಒಂದೊಂದು ಜೋಡಣೆಗೂ ದಪ್ಪಗೆ ಸವರುತ್ತಾ ಹೋದರು. ಒಂದಕ್ಕೆ ಸವರಿದರು, ನಡುಕ ಹಾಗೆಯೇ ಇತ್ತು. ಇನ್ನೊಂದಕ್ಕೆ ಸವರಿದರು, ಹಾಗೆಯೇ ಇತ್ತು. ಟ್ಯಾಂಕಿನ ನೆತ್ತಿಯ ಹತ್ತಿರ ಗೇಣುದ್ದದ ಒಂದು ರಬ್ಬರ್ ಪೈಪು ಇತ್ತು. ಅದರ ತುದಿಗೆ, ಕ್ಲಿಪ್ಪಿನ ಅಂಚಿಗೆ ಗ್ರೀಸ್ ಒತ್ತಿದರು. ಕೈ ಅಲ್ಲೇ ಹಿಡಿದುಕೊಂಡರು.

ಮೇಲೆ ಇಂಜಿನ್ನಿನ ದನಿ ನಿಧಾನವಾಗಿ ಏರಿತು. ತಪ್ಪುವುದು ನಿಂತಿತು. ಒಂದೇ ಸಮನೆ ಬಡಿಯತೊಡಗಿತು. ಗೂಡುಗಳಲ್ಲಿ ಬಳೆಗಳ ಸದ್ದು ಅಡಗಿತು.

ಬಳೆಶೆಟ್ಟಿ ಮಲಗಿದಲ್ಲೇ ಕಣ್ಣು ಮುಚ್ಚಿ ಕೇಳಿದ. ಎಂಟು ತಿಂಗಳಿಂದ ಅವನು ಆ ದನಿ ಕೇಳಿರಲಿಲ್ಲ.

ಕ್ಲಿಪ್ಪು ಬಿಚ್ಚಿದರೆ ಅದರ ಅಡಿಯಲ್ಲಿ ಒಂದು ಸೀಳು. ಕೂದಲೆಳೆಯಷ್ಟು. ರಬ್ಬರು ಬಗ್ಗಿಸಿದರೆ ಮಾತ್ರ ಬಾಯಿ ಬಿಡುತ್ತಿತ್ತು. ಸಾಬರು ಸೀಳಿದ ತುದಿಯನ್ನು ಒಂದು ಬೆರಳಷ್ಟು ಕತ್ತರಿಸಿ ತೆಗೆದು, ಉಳಿದದ್ದನ್ನು ಎಳೆದು ಕೂರಿಸಿ, ಕ್ಲಿಪ್ಪು ಬಿಗಿದರು. ಗಾರೆಯವರ ಪೈಪು ತೆಗೆದು ಮೊದಲಿನಂತೆ ಜೋಡಿಸಿದರು. ಒಳಗಿದ್ದ ಗಾಳಿಯನ್ನೆಲ್ಲ ಕೈಪಂಪಿನಿಂದ ಹೊರಗೆ ಹಾಕಿದರು. ಬೇಕೆಂದೇ ಇಂಜಿನ್ ಆರಿಸಿ, ಈಗ ನೀವೇ ಹಿಡಿಸಿ ಎಂದರು. ಬಳೆಶೆಟ್ಟಿ ಭಯದಿಂದಲೇ ಕೀಲಿ ತಿರುಗಿಸಿದ. ಮೊದಲ ತಿರುವಿಗೇ ಹಿಡಿಯಿತು.

ಬಳೆಶೆಟ್ಟಿಗೆ ಒಂದು ಸಂದೇಹ ಉಳಿದಿತ್ತು. ಇಷ್ಟು ದಿನ ಗಾಳಿ ಹೋಗುತ್ತಿದ್ದರೆ, ರಸ್ತೆಯಲ್ಲಿ ಓಡುವಾಗ ಗಾಡಿ ಹೇಗೆ ಸರಿಯಿತ್ತು ಎಂದು ಕೇಳಿದ.

"ಎಲ್ಲಿ ಸರಿಯಿತ್ತು?" ಎಂದರು ಸಾಬರು. "ಓಡುವಾಗಲೂ ಗಾಳಿ ಹೋಗುತ್ತಲೇ ಇತ್ತು. ಓಟದ ಬಿರುಸಿಗೆ ನಿಮಗೆ ತಿಳಿಯಲಿಲ್ಲ, ಅಷ್ಟೇ. ನಿಲ್ಲಿಸಿದ್ದಕ್ಕೆ ಕೆಟ್ಟದ್ದಲ್ಲ ಶೆಟ್ಟರೇ. ನಿಲ್ಲಿಸಿದಾಗ ಕೇಳಿಸಿತು."

ಏನು ಕೊಡಲಿ ಎಂದು ಕೇಳಿದರೆ, ಸಾಬರು ಹೆಬ್ಬೆರಳನ್ನೂ ನಡುಬೆರಳನ್ನೂ ದುಂಡಗೆ ಕೂಡಿಸಿ ತೋರಿಸಿದರು. ಅದು ಅವರ ಹೆಂಡತಿಯ ಕೈಯಳತೆ. ಅವಳಿಗೆ ಒಂದು ಡಜನ್ ಬಳೆ ಬೇಕು, ಬಣ್ಣ ನೀವೇ ಆರಿಸಿ ಎಂದರು. ಬಳೆಶೆಟ್ಟಿ ನೇರಳೆ ಬಣ್ಣದವನ್ನು ಆರಿಸಿ, ಅವರೆದುರೇ ಒಂದೊಂದನ್ನೂ ಬೆರಳಿಂದ ತಟ್ಟಿ ನೋಡಿ, ಸೀಳಿಲ್ಲದ್ದನ್ನೇ ಕಾಗದದಲ್ಲಿ ಸುತ್ತಿ ಕೊಟ್ಟ.

ಅಲ್ಲಿಂದ ಅವನು ಪೇಟೆಗೆ ಹೋಗಲಿಲ್ಲ. ಹುಣಸೆಕಟ್ಟೆಯ ದಾರಿ ಹಿಡಿದ. ದಾರಿಯಲ್ಲಿ ಎರಡು ಕಡೆ ಗಾಡಿ ತಿರುಗಿಸಲು ಜಾಗವಿತ್ತು. ತಿರುಗಿಸಲಿಲ್ಲ.

ಊರ ನಡುವೆ ಗಾಡಿ ನಿಲ್ಲಿಸಿ ಇಂಜಿನ್ ಆರಿಸಿದ. ಹಿಂಬಾಗಿಲು ಇಳಿಸಿದ. ಅದರ ಸದ್ದಿಗೆ ಹೆಂಗಸರು ಒಬ್ಬೊಬ್ಬರಾಗಿ ಬಂದರು. ಊರು ಮರೆತೇಬಿಟ್ಟಿರಾ ಎಂದು ಬೈದರು. ಕೊನೆಗೆ ಆ ಸೊಸೆಯೂ ಬಂದಳು. ಸೊಂಟದ ಮೇಲೆ ಮಗುವಿತ್ತು. ಐದಾರು ತಿಂಗಳ ಹೆಣ್ಣುಕೂಸು, ಗುಂಡುಗುಂಡಾಗಿತ್ತು. ಹಿಂದೆ ಅತ್ತೆ ಇದ್ದಳು. ಸೊಸೆ ದೂರದಲ್ಲೇ ನಿಂತಳು. ಅತ್ತೆ ಹೇಳಿದಳು. ಇವಳು ಕೈ ಬಿಗಿ ಹಿಡಿದು ಬಳೆ ಒಡೆದುಕೊಂಡದ್ದಕ್ಕೆ ಹೆರಿಗೆಯವರೆಗೂ ತನಗೆ ನಿದ್ದೆಯಿರಲಿಲ್ಲ, ದೇವರು ದೊಡ್ಡವನು, ಈ ಸಲ ಸಡಿಲ ಬಿಡಲು ನೀವೇ ಬುದ್ಧಿ ಹೇಳಿ, ಎಂದಳು.

ಬಳೆಶೆಟ್ಟಿ ಗಾಡಿಯಿಂದ ಕೆಳಗಿಳಿದು ನಿಂತ. ಅವನ ಬಿಳಿ ಅಂಗಿಯ ಬೆನ್ನೆಲ್ಲ ಮಣ್ಣಾಗಿತ್ತು. ಎಲ್ಲರಿಗೂ ಕೇಳುವಂತೆ ಹೇಳಿದ.

"ಅವತ್ತು ಈ ತಾಯಿ ಕೈ ಬಿಗಿ ಹಿಡಿದಿರಲಿಲ್ಲ. ನನ್ನ ಗಾಡಿ ಅಲುಗಿತು. ನಾನು ಸುಳ್ಳು ಹೇಳಿದೆ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅತ್ತೆ ಕೈ ಚಾಚಿ ಸೊಸೆಯ ಸೊಂಟದಿಂದ ಮಗುವನ್ನು ತಾನು ಎತ್ತಿಕೊಂಡಳು. ಸೊಸೆಯ ಎರಡೂ ಕೈ ಬಿಡುವಾದವು. ಅವಳು ಬಂದು ಹಿಂಬಾಗಿಲ ಮೇಲೆ ಕೂತಳು. ಎಡಗೈ ಮುಂದೆ ಮಾಡಿದಳು.

ಅವನು ಹಸಿರು ಬಳೆ ತೊಡಿಸಿದ. ಒಂದೂ ಒಡೆಯಲಿಲ್ಲ. ಅವಳು ನಗುತ್ತಿದ್ದಳು. ಕೂಸಿನ ಕೈಗೂ ಎರಡು ಕರಿಬಳೆ ಹಾಕಿದ. ಅತ್ತೆ ಮನೆಯಿಂದ ಒಂದು ಚೊಂಬು ಮಜ್ಜಿಗೆ ತಂದಳು. ಅವನು ಮರದ ಕೆಳಗೆ ಕೂತು, ಅವಸರವಿಲ್ಲದೆ ಅದನ್ನು ಕುಡಿದ. ಆ ದಿನ ಅವನು ಬೇರೆ ಎಲ್ಲಿಗೂ ಹೋಗಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಮರುಳಯ್ಯನ ಮುಖ ಹಗುರವಾಗಿತ್ತು. ಕತೆ ಅವನಿಗೆ ಹಿಡಿಸಿತ್ತು. ಅರ್ಥವಾಯಿತು ಬುದ್ಧಿ, ನಾಳೆಯಿಂದ ತಪ್ಪದೆ ಕೂರುತ್ತೇನೆ ಎಂದ. ದಿನಕ್ಕೆ ಎಷ್ಟು ಹೊತ್ತು ಕೂರಬೇಕು ಎಂದು ಕೇಳಿದ.

ಗುರುಗಳು ಅವನ ಮುಖವನ್ನೇ ನೋಡುತ್ತಾ, ಮೆಲ್ಲಗೆ ಕೇಳಿದರು:

"ಕಣ್ಣು ಮುಚ್ಚಿದ ಕೂಡಲೇ ನಿನಗೆ ಯಾರ ಮುಖ ಕಾಣುತ್ತದೆಯೋ, ಅವರ ಊರು ಇಲ್ಲಿಂದ ಎಷ್ಟು ದೂರ?"